ಕರಾವಳಿಯ ಸೆಖೆಗೆ ಯಾವ ಸನ್‌ಸ್ಕ್ರೀನ್? ಚರ್ಮ ನೋಡಿ ಆರಿಸಿ, ಅಳತೆ ನೋಡಿ ಹಚ್ಚಿ

ಆರು ವರ್ಷ ನಾನು ದಿನಾ ಬೆಳಿಗ್ಗೆ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸ್ ಬರುತ್ತಿದ್ದೆ. ಎಕ್ಸ್‌ಪ್ರೆಸ್ ಬಸ್ಸು, ಎಡಗಡೆ ಕಿಟಕಿ ಬದಿಯ ಸೀಟು. ಅದೇ ಸೀಟು ಸಿಗಲಿ ಎಂದು ಹತ್ತು ನಿಮಿಷ ಮೊದಲೇ ಹೋಗಿ ನಿಲ್ಲುತ್ತಿದ್ದೆ. ನಾಲ್ಕನೇ ವರ್ಷ ಕೆನ್ನೆಯ ಮೇಲೆ ಭಂಗು ಕಂಡಿತು. ಎರಡೂ ಕೆನ್ನೆಯಲ್ಲಿ ಇತ್ತು, ಆದರೆ ಎಡಗಡೆಯದ್ದು ದೂರದಿಂದಲೇ ಎದ್ದು ಕಾಣುವಷ್ಟು ಕಪ್ಪು. ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಮುಖವನ್ನು ದೀಪಕ್ಕೆ ತಿರುಗಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ, "ನೀವು ಬಸ್ಸಿನಲ್ಲಿ ಯಾವ ಬದಿ ಕೂರುವುದು?"

ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿ 66 ದಕ್ಷಿಣಕ್ಕೆ ಸಾಗುತ್ತದೆ. ಬೆಳಿಗ್ಗೆ ಸೂರ್ಯ ಪೂರ್ವದಲ್ಲಿ, ಅಂದರೆ ಎಡಗಡೆ. ಸಂಜೆ ಬಸ್ಸು ಉತ್ತರಕ್ಕೆ ಮುಖ ಮಾಡಿದಾಗ ಪಡುವಣದ ಬಿಸಿಲು ಮತ್ತೆ ಎಡಗಡೆಗೇ. ದಿನಕ್ಕೆ ಎರಡು ಸಲ ಒಂದೇ ಕೆನ್ನೆಗೆ. ಮಂಗಳೂರಿನಲ್ಲಿ ಮನೆ ಇದ್ದು ಮಣಿಪಾಲಕ್ಕೋ ಉಡುಪಿಗೋ ಕೆಲಸಕ್ಕೆ ಬರುವವರಿಗೆ ಇದು ತಿರುವುಮುರುವು, ಎರಡೂ ಹೊತ್ತು ಬಲಗಡೆ ಬಿಸಿಲು. ಇವತ್ತಿನಿಂದಲೇ ಸೀಟು ಬದಲಾಯಿಸಿ ನೋಡಿ. ಖರ್ಚೇ ಇಲ್ಲದ ಉಪಾಯ ಇದು.

ಹಾಗಾದರೆ ಆ ದಿನಗಳಲ್ಲಿ ನಾನು ಸನ್‌ಸ್ಕ್ರೀನ್ ಹಚ್ಚುತ್ತಿರಲಿಲ್ಲವೇ? ಹಚ್ಚುತ್ತಿದ್ದೆ. ಎಸ್‌ಪಿಎಫ್ 50 (ಬಿಸಿಲು ತಡೆಯುವ ಶಕ್ತಿಯ ಅಂಕಿ) ಇರುವ ದುಬಾರಿ ಕ್ರೀಮು. ಆದರೆ ಅದು ಮುಖಕ್ಕೆ ಅಂಟಂಟಾಗುತ್ತಿತ್ತು, ಸೆಖೆಗೆ ಬೆವರಿನ ಜೊತೆ ಕಣ್ಣಿಗೆ ಇಳಿಯುತ್ತಿತ್ತು. ಹಾಗಾಗಿ ಕಡಲೆ ಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ಸವರಿ ಮುಗಿಸುತ್ತಿದ್ದೆ. ನಮ್ಮ ಊರಿನಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಟ್ಯೂಬಿನ ಮೇಲಿನ ಅಂಕಿ ಎಷ್ಟೇ ದೊಡ್ಡದಿರಲಿ, ಸಾಕಷ್ಟು ಹಚ್ಚಲು ಮನಸ್ಸೇ ಬಾರದ ಸನ್‌ಸ್ಕ್ರೀನ್‌ನಿಂದ ಉಪಯೋಗವಿಲ್ಲ. ನಿಮ್ಮ ಚರ್ಮಕ್ಕೆ ಹೊಂದುವುದನ್ನು ಆರಿಸಿದರೆ ಮಾತ್ರ ಸಾಕಷ್ಟು ಹಚ್ಚಲು ಮನಸ್ಸು ಬರುತ್ತದೆ.

ನಮ್ಮ ಬಿಸಿಲು ಎಂಥದ್ದು

ಬಿಸಿಲಿನಲ್ಲಿ ಚರ್ಮಕ್ಕೆ ತೊಂದರೆ ಕೊಡುವ ಅತಿನೇರಳೆ (ಯುವಿ) ಕಿರಣಗಳು ಮುಖ್ಯವಾಗಿ ಎರಡು. ಯುವಿಬಿ ಚರ್ಮವನ್ನು ಸುಡುತ್ತದೆ, ಕೆಂಪು ಮಾಡುತ್ತದೆ. ಯುವಿಎ ಇನ್ನೂ ಆಳಕ್ಕೆ ಇಳಿದು ಕಪ್ಪು ಮಾಡುತ್ತದೆ, ಕಲೆ ತರುತ್ತದೆ, ಬೇಗ ಸುಕ್ಕು ಬರಿಸುತ್ತದೆ. ಕಿಟಕಿಯ ಗಾಜು ಯುವಿಬಿಯನ್ನು ಬಹುಪಾಲು ತಡೆಯುತ್ತದೆ, ಯುವಿಎಯನ್ನು ಅಷ್ಟಾಗಿ ತಡೆಯುವುದಿಲ್ಲ. ಗಾಜು ಮುಚ್ಚಿದ ಬಸ್ಸಿನಲ್ಲಿ, ಕಾರಿನಲ್ಲಿ ಕೂತರೂ ಕೆನ್ನೆ ಕಪ್ಪಾಗುವುದು ಇದೇ ಕಾರಣಕ್ಕೆ.

ಮಂಗಳೂರು, ಉಡುಪಿ ಎರಡೂ ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿವೆ. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸೂರ್ಯ ನೇರ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ನಮ್ಮಲ್ಲಿ ನೆರಳು ತೀರಾ ಗಿಡ್ಡವಾಗುವುದು ಹನ್ನೆರಡಕ್ಕಲ್ಲ, ಹೆಚ್ಚುಕಡಿಮೆ ಹನ್ನೆರಡೂವರೆಗೆ. ಭಾರತದ ಗಡಿಯಾರ ಹೊಂದಿಸಿರುವುದು ನಮಗಿಂತ ತುಂಬ ಪೂರ್ವದ ಜಾಗಕ್ಕೆ, ಹಾಗಾಗಿ ಈ ಅರ್ಧ ಗಂಟೆಯ ವ್ಯತ್ಯಾಸ. ಊಟದ ಬಿಡುವಿಗೆ ಒಂದು ಗಂಟೆಗೆ ಹೊರಗೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ. ಬಿಸಿಲು ಇಳಿಯುವುದಿರಲಿ, ಆಗಷ್ಟೇ ಏರಿ ಮುಗಿದಿರುತ್ತದೆ.

ಮೊಬೈಲಿನ ಹವಾಮಾನ ಆ್ಯಪ್‌ಗಳಲ್ಲಿ ಯುವಿ ಇಂಡೆಕ್ಸ್ ಎಂಬ ಅಂಕಿ ಇರುತ್ತದೆ. ಅದು 3 ಅಥವಾ ಹೆಚ್ಚು ಇದ್ದರೆ ರಕ್ಷಣೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 11 ಆದರೆ ವಿಪರೀತ. ಮಾರ್ಚ್‌ನಿಂದ ಮೇ ತನಕ ಮೋಡ ಇಲ್ಲದ ಮಧ್ಯಾಹ್ನ ನಮ್ಮಲ್ಲಿ 11 ಮುಟ್ಟುವುದು, ದಾಟುವುದು ಮಾಮೂಲಿ. ಸೆಖೆಗೂ ಈ ಅಂಕಿಗೂ ಸಂಬಂಧ ಇಲ್ಲ ಎಂಬುದನ್ನೂ ತಿಳಿದಿರಿ. ಡಿಸೆಂಬರಿನಲ್ಲಿ ಗಾಳಿ ತಂಪಾಗಿದ್ದರೂ ಮಧ್ಯಾಹ್ನದ ಕಿರಣ ಜೋರಾಗಿಯೇ ಇರುತ್ತದೆ.

"ನಮಗೆಲ್ಲ ಎಂತ ಸನ್‌ಸ್ಕ್ರೀನ್ ಮಾರಾಯ್ತಿ, ಬಿಸಿಲಲ್ಲೇ ಹುಟ್ಟಿ ಬೆಳೆದದ್ದಲ್ವಾ?" ಅಂತ ಚಿಕ್ಕಮ್ಮ ಈಗಲೂ ಕೇಳುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ನಮ್ಮ ಕಂದು ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಜಾಸ್ತಿ. ಬಿಳಿ ಚರ್ಮದವರಂತೆ ನಾವು ಬೇಗ ಸುಟ್ಟು ಕೆಂಪಾಗುವುದಿಲ್ಲ, ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಕೂಡ ನಮ್ಮಲ್ಲಿ ಕಡಿಮೆ. ಆದರೆ ಭಂಗು, ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆ, ಕುತ್ತಿಗೆ ಕೈಗಳ ಬಣ್ಣ ಒಂದೊಂದು ಥರ ಆಗುವುದು, ಇವೆಲ್ಲ ಕಾಡುವುದು ನಮ್ಮಂಥ ಚರ್ಮವನ್ನೇ. ಸನ್‌ಸ್ಕ್ರೀನ್ ಹಚ್ಚುವುದು ಬೆಳ್ಳಗಾಗಲು ಅಲ್ಲ. ಹುಟ್ಟಿನ ಬಣ್ಣವನ್ನು ಯಾವ ಟ್ಯೂಬೂ ಬದಲಾಯಿಸುವುದಿಲ್ಲ, ಬದಲಾಯಿಸುವ ಅಗತ್ಯವೂ ಇಲ್ಲ.

ಮೆಡಿಕಲ್‌ನಲ್ಲಿ ಟ್ಯೂಬ್ ಕೈಗೆ ತೆಗೆದುಕೊಂಡಾಗ

ಮೂರು ಸಂಗತಿ ನೋಡಿ.

ಮೊದಲನೆಯದು ಎಸ್‌ಪಿಎಫ್. ಇದು ಯುವಿಬಿಯ ಲೆಕ್ಕ. ಸರಿಯಾದ ಪ್ರಮಾಣದಲ್ಲಿ ಹಚ್ಚಿದರೆ ಎಸ್‌ಪಿಎಫ್ 30 ಯುವಿಬಿಯನ್ನು ನೂರಕ್ಕೆ ಸುಮಾರು 97 ಪಾಲು ತಡೆಯುತ್ತದೆ, 50 ಸುಮಾರು 98 ಪಾಲು. ವ್ಯತ್ಯಾಸ ಅಷ್ಟೇ. ದಿನನಿತ್ಯಕ್ಕೆ 30 ಸಾಕು. ನಾನು 50 ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಎಷ್ಟೇ ಎಚ್ಚರ ವಹಿಸಿದರೂ ಹಚ್ಚುವಾಗ ಸ್ವಲ್ಪ ಕಡಿಮೆಯೇ ಆಗುತ್ತದೆ. 50 ಇದ್ದರೆ 30ಕ್ಕಿಂತ ಜಾಸ್ತಿ ಹೊತ್ತು ಉಳಿಯುತ್ತದೆ ಎಂದುಕೊಳ್ಳಬೇಡಿ. ಎರಡನ್ನೂ ಅದೇ ಹೊತ್ತಿಗೆ ಮತ್ತೆ ಹಚ್ಚಬೇಕು.

ಎರಡನೆಯದು ಪಿಎ. ನಮಗೆ ಇದೇ ಮುಖ್ಯ. ಪಿಎ ಪಕ್ಕ ಪ್ಲಸ್ ಗುರುತುಗಳಿರುತ್ತವೆ, ಅವು ಯುವಿಎ ತಡೆಯುವ ಶಕ್ತಿಯನ್ನು ಹೇಳುತ್ತವೆ. ಜಪಾನಿನಲ್ಲಿ 1996ರಲ್ಲಿ ಬಂದ ಪದ್ಧತಿ ಇದು. ಮೊದಲು ಮೂರು ಪ್ಲಸ್ ತನಕ ಇತ್ತು, 2013ರಲ್ಲಿ ನಾಲ್ಕನೆಯದು ಸೇರಿತು. ಭಂಗು, ಕಲೆ ಇರುವವರು ಪಿಎ++++ ಇರುವುದನ್ನೇ ತೆಗೆದುಕೊಳ್ಳಿ. ಉಳಿದವರಿಗೆ ಪಿಎ+++ ಆದರೂ ಇರಲಿ. ಪಿಎ ಇಲ್ಲದ ಕೆಲವು ಟ್ಯೂಬುಗಳ ಮೇಲೆ ಯುವಿಎ ಎಂಬ ಅಕ್ಷರಗಳು ಒಂದು ವೃತ್ತದೊಳಗೆ ಇರುತ್ತವೆ. ಯುರೋಪಿನ ಗುರುತು ಅದು, ಅದೂ ಒಳ್ಳೆಯದೇ. ಜೊತೆಗೆ ಬ್ರಾಡ್ ಸ್ಪೆಕ್ಟ್ರಮ್ ಎಂಬ ಮಾತು ಇರಲೇಬೇಕು, ಎರಡೂ ಬಗೆಯ ಕಿರಣ ತಡೆಯುತ್ತದೆ ಎಂದು ಅದರ ಅರ್ಥ.

ಮೂರನೆಯದು ವಾಟರ್ ರೆಸಿಸ್ಟೆಂಟ್. ಬೆವರು ಇಳಿಯುವ ನಮ್ಮ ಊರಿಗೆ ಇದು ಬೇಕು. 40 ನಿಮಿಷ ಅಥವಾ 80 ನಿಮಿಷ ಎಂದು ಬರೆದಿರುತ್ತಾರೆ. ಅಷ್ಟು ಹೊತ್ತು ನೀರಿನಲ್ಲಿದ್ದರೂ ಬೆವರಿದರೂ ತಡೆಯುತ್ತದೆ, ಆಮೇಲೆ ಮತ್ತೆ ಹಚ್ಚಬೇಕು ಎಂದರ್ಥ.

ಒಳಗಿನ ವಸ್ತುಗಳಲ್ಲಿ ಎರಡು ಬಗೆ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವುದು ಮಿನರಲ್ ಸನ್‌ಸ್ಕ್ರೀನ್. ಉರಿ ತರುವುದು ಅಪರೂಪ, ಆದರೆ ನಮ್ಮ ಬಣ್ಣದ ಮುಖದ ಮೇಲೆ ಬೂದಿ ಬಳಿದ ಹಾಗೆ ಕಾಣಬಹುದು. ಅವೊಬೆಂಜೋನ್, ಆಕ್ಟೋಕ್ರಿಲೀನ್, ಬೆಮೋಟ್ರಿಜಿನಾಲ್ ಥರದ ಹೆಸರುಗಳಿದ್ದರೆ ಅದು ಕೆಮಿಕಲ್ ಬಗೆ. ಹಗುರ, ಬಿಳಿ ಕಾಣುವುದಿಲ್ಲ. ಕೆಲವರಿಗೆ ಕಣ್ಣು ಉರಿ ಬರುತ್ತದೆ. ಎರಡನ್ನೂ ಬೆರೆಸಿದವೂ ಇವೆ. ಯಾವುದು ಮೇಲು ಎಂದು ಜಗಳವಾಡುವ ಅಗತ್ಯ ಇಲ್ಲ, ಚರ್ಮಕ್ಕೆ ಯಾವುದು ಒಗ್ಗುತ್ತದೆ ಎಂದು ನೋಡಿದರೆ ಸಾಕು.

ನಮ್ಮ ಕಡೆಯವರಿಗೇ ಬೇಕಾದ ಒಂದು ವಿಷಯ. ಬಿಳಿ ಶರ್ಟಿನ ಕಾಲರು ಒಗೆದ ಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದೆಯೇ? ಅವೊಬೆಂಜೋನ್ ನೀರಿನಲ್ಲಿರುವ ಕಬ್ಬಿಣದ ಜೊತೆ ಸೇರಿದರೆ ತುಕ್ಕಿನಂಥ ಕಲೆ ಆಗುತ್ತದೆ. ಕೆಂಪುಕಲ್ಲಿನ ನೆಲದ ನಮ್ಮ ಎಷ್ಟೋ ಬಾವಿಗಳ ನೀರಿನಲ್ಲಿ ಕಬ್ಬಿಣ ಇರುತ್ತದೆ. ಮಕ್ಕಳ ಯೂನಿಫಾರ್ಮು, ಬಿಳಿ ಕೋಟು ಹಾಕುವವರು ಕುತ್ತಿಗೆಗೆ ಮಾತ್ರ ಜಿಂಕ್ ಇರುವುದನ್ನು ಹಚ್ಚಿದರೆ ಬಟ್ಟೆ ಉಳಿಯುತ್ತದೆ.

ನಿಮ್ಮ ಚರ್ಮ ಯಾವುದು, ಮೊದಲು ತಿಳಿಯಿರಿ

ಇಲ್ಲಿ ನಮ್ಮವರು ಎಡವುತ್ತಾರೆ. ಸೆಖೆಗೆ ಎಲ್ಲರ ಮುಖವೂ ಹೊಳೆಯುತ್ತದೆ. ಅದನ್ನು ನೋಡಿ "ನಂದು ಆಯಿಲಿ ಸ್ಕಿನ್" ಎಂದು ತೀರ್ಮಾನ ಮಾಡಿಬಿಡುತ್ತಾರೆ. ಬೆವರು ಬೇರೆ, ಎಣ್ಣೆ ಬೇರೆ.

ಪರೀಕ್ಷೆ ಸುಲಭ. ಸಂಜೆ ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆದು ಒತ್ತಿ ಒರೆಸಿಕೊಳ್ಳಿ. ಏನೂ ಹಚ್ಚಬೇಡಿ. ಫ್ಯಾನಿನ ಕೆಳಗೆ, ಬೆವರದ ಜಾಗದಲ್ಲಿ ಒಂದು ಗಂಟೆ ಇರಿ. ಆಮೇಲೆ ಟಿಶ್ಯೂ ಕಾಗದವನ್ನು ಹಣೆ, ಮೂಗು, ಎರಡೂ ಕೆನ್ನೆಗೆ ಒತ್ತಿ ಬೆಳಕಿಗೆ ಹಿಡಿದು ನೋಡಿ. ಎಲ್ಲ ಕಡೆ ಎಣ್ಣೆಯ ಮಚ್ಚೆ ಇದ್ದರೆ ಎಣ್ಣೆ ಚರ್ಮ. ಹಣೆ ಮೂಗಿನಲ್ಲಿ ಮಾತ್ರ ಇದ್ದರೆ ಮಿಶ್ರ. ಕಾಗದ ಒಣಗಿದ್ದು, ಮುಖ ಬಿಗಿದ ಹಾಗೆ ಅನಿಸಿದರೆ ಒಣ ಚರ್ಮ. ಬೆವರಿನ ಒದ್ದೆ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ, ಎಣ್ಣೆಯ ಮಚ್ಚೆ ಹಾಗೇ ಉಳಿಯುತ್ತದೆ. ಫೇಸ್‌ವಾಶ್, ಕ್ರೀಮು ಏನು ಹಾಕಿದರೂ ಉರಿ, ತುರಿಕೆ ಬರುವವರದ್ದು ಸೂಕ್ಷ್ಮ ಚರ್ಮ. ಅದು ಈ ಮೂರರಲ್ಲಿ ಯಾವುದರ ಜೊತೆಗೂ ಇರಬಹುದು.

ಯಾವ ಚರ್ಮಕ್ಕೆ ಯಾವುದು

ಎಣ್ಣೆ ಚರ್ಮ, ಮೊಡವೆ ಇರುವವರು ಜೆಲ್ ಅಥವಾ ನೀರಿನಂತೆ ತೆಳುವಾದ ಫ್ಲುಯಿಡ್ ನೋಡಿ. ಟ್ಯೂಬಿನ ಮೇಲೆ ನಾನ್-ಕಾಮೆಡೋಜೆನಿಕ್ ಎಂದಿರಲಿ, ಅಂದರೆ ರಂಧ್ರ ಕಟ್ಟಿಕೊಳ್ಳದ ಹಾಗೆ ಮಾಡಿದ್ದು. ಮ್ಯಾಟ್ ಫಿನಿಶ್ ಎಂದಿದ್ದರೆ ಹೊಳಪು ಕಡಿಮೆ. ಬೇಸಿಗೆಯಲ್ಲಿ ಇದರ ಕೆಳಗೆ ಮಾಯಿಶ್ಚರೈಸರ್ ಬೇಡ, ಸುಮ್ನೆ ಒಂದು ಪದರ ಜಾಸ್ತಿ. "ಮೊಡವೆ ಇದೆ, ಅದಕ್ಕೆ ಸನ್‌ಸ್ಕ್ರೀನ್ ಹಚ್ಚುವುದಿಲ್ಲ" ಎನ್ನುವ ಕಾಲೇಜು ಮಕ್ಕಳು ತುಂಬ. ಮೊಡವೆ ವಾರದಲ್ಲಿ ಹೋಗುತ್ತದೆ, ಬಿಸಿಲು ಬಿದ್ದರೆ ಅದರ ಕಲೆ ತಿಂಗಳುಗಟ್ಟಲೆ ಕೂರುತ್ತದೆ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಐಸೋಟ್ರೆಟಿನೋಯಿನ್ ಮಾತ್ರೆಗಳು ಚರ್ಮವನ್ನು ಬಿಸಿಲಿಗೆ ಇನ್ನಷ್ಟು ಸೂಕ್ಷ್ಮ ಮಾಡುತ್ತವೆ. ಅವನ್ನು ತೆಗೆದುಕೊಳ್ಳುವವರಿಗೆ ಸನ್‌ಸ್ಕ್ರೀನ್ ಬಿಡುವ ಮಾತೇ ಇಲ್ಲ.

ಒಣ ಚರ್ಮಕ್ಕೆ ಕ್ರೀಮು ಅಥವಾ ದಪ್ಪ ಲೋಷನ್. ಗ್ಲಿಸರಿನ್, ಸೆರಮೈಡ್, ಹಯಲುರೋನಿಕ್ ಆ್ಯಸಿಡ್ ಇದ್ದರೆ ಒಳ್ಳೆಯದು. ಪಟ್ಟಿಯ ಮೊದಲಲ್ಲೇ ಆಲ್ಕೋಹಾಲ್ ಇದ್ದರೆ ಬಿಡಿ. ಕಡಲ ತೇವದ ಗಾಳಿಯಲ್ಲಿ ಒಣ ಚರ್ಮದವರಿಗೆ ಕಷ್ಟ ಕಡಿಮೆ ಎಂದುಕೊಂಡಿರುತ್ತೇವೆ. ಆದರೆ ದಿನಕ್ಕೆ ಎಂಟು ಗಂಟೆ ಎಸಿ ಕೆಳಗೆ ಕೂರುವವರನ್ನು ಕೇಳಿ. ಅವರು ಮೊದಲು ಮಾಯಿಶ್ಚರೈಸರ್ ಹಚ್ಚಿ, ಅದು ಹೀರಿಕೊಂಡ ಮೇಲೆ ಸನ್‌ಸ್ಕ್ರೀನ್ ಹಚ್ಚಬೇಕು. ಎರಡನ್ನೂ ಅಂಗೈಯಲ್ಲಿ ಬೆರೆಸಬೇಡಿ, ಸನ್‌ಸ್ಕ್ರೀನ್ ತೆಳುವಾಗುತ್ತದೆ.

ಮಿಶ್ರ ಚರ್ಮದವರಿಗೆ ಹಗುರ ಲೋಷನ್ ಸಾಕು.

ಸೂಕ್ಷ್ಮ ಚರ್ಮದವರು ಜಿಂಕ್ ಆಕ್ಸೈಡ್ ಇರುವ, ಪರಿಮಳ ಇಲ್ಲದ ಸನ್‌ಸ್ಕ್ರೀನ್ ಆರಿಸಿ. ದೊಡ್ಡ ಟ್ಯೂಬ್ ಕೊಳ್ಳುವ ಮೊದಲು ಚಿಕ್ಕದನ್ನು ತಂದು ಮೊಣಕೈ ಒಳಬದಿಗೆ ಮೂರು ನಾಲ್ಕು ದಿನ ಹಚ್ಚಿ ನೋಡಿ. ಕೆಂಪು, ತುರಿಕೆ ಬಾರದಿದ್ದರೆ ಆಮೇಲೆ ದವಡೆಯ ಅಂಚಿಗೆ, ಕೊನೆಗೆ ಮುಖಕ್ಕೆ. ಬೇಸಿಗೆಯಲ್ಲಿ ಬೆವರುಸಾಲೆ ಎದ್ದಿರುವ ಜಾಗಕ್ಕೆ ದಪ್ಪ ಕ್ರೀಮು ಮೆತ್ತಬೇಡಿ. ಅಲ್ಲಿಗೆ ತೆಳು ಹತ್ತಿಬಟ್ಟೆಯೇ ಸರಿ.

ಭಂಗು ಇರುವವರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ನಾನೂ ಅವರಲ್ಲಿ ಒಬ್ಬಳು. ಬಸುರಿನಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಭಂಗು ಬರುವುದು ಸಾಮಾನ್ಯ. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಇದ್ದರೆ ನಮಗೂ ಬರುವ ಸಾಧ್ಯತೆ ಜಾಸ್ತಿ. ಇದನ್ನು ಕೆದಕುವುದು ಯುವಿ ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕು ಕೂಡ. ಸಾಮಾನ್ಯ ಸನ್‌ಸ್ಕ್ರೀನ್ ಆ ಬೆಳಕನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ. ನನಗೆ ಇದು ಗೊತ್ತಾಗಲು ವರ್ಷಗಳೇ ಬೇಕಾದವು. ಟಿಂಟೆಡ್‌ನಲ್ಲಿ ಇನ್ನೊಂದು ಲಾಭ ಇದೆ, ಜಿಂಕ್‌ನ ಬೂದಿ ಬಣ್ಣ ಕಾಣುವುದಿಲ್ಲ. ಆದರೆ ಕೊಳ್ಳುವಾಗ ದವಡೆಯ ಮೇಲೆ ಹಚ್ಚಿ, ಅಂಗಡಿಯ ಹೊರಗೆ ಬಂದು ಹಗಲು ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನಲ್ಲಿ ಸರಿಯಾಗಿ ಕಂಡದ್ದು ಹೊರಗೆ ಕಿತ್ತಳೆಯಾಗಿ ಕಾಣಬಹುದು.

ಗಂಡಸರಿಗೆ ಬೇರೆ ಸನ್‌ಸ್ಕ್ರೀನ್ ಬೇಕಿಲ್ಲ, ಮನೆಯಲ್ಲಿ ಇರುವುದೇ ಆಗುತ್ತದೆ. ಗಡ್ಡ ಇದ್ದರೆ ಜೆಲ್ ಸುಲಭ. ತಲೆಯಲ್ಲಿ ಕೂದಲು ಕಡಿಮೆಯಾದ ಜಾಗ, ಕಿವಿಯ ತುದಿ, ಬೈಕ್ ಹ್ಯಾಂಡಲ್ ಹಿಡಿಯುವ ಕೈಯ ಹಿಂಬದಿ, ಇಷ್ಟನ್ನು ಮರೆಯದಿದ್ದರೆ ಸಾಕು.

ಎಷ್ಟು ಹಚ್ಚಬೇಕು: ಎರಡು ಬೆರಳಿನ ಅಳತೆ

ಸನ್‌ಸ್ಕ್ರೀನ್‌ನ ಅಂಕಿ ಪರೀಕ್ಷೆ ಮಾಡುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ನಾವು ಅದರ ಅರ್ಧವೋ ಕಾಲು ಭಾಗವೋ ಹಚ್ಚಿದರೆ 50 ಎಂದು ಬರೆದದ್ದು ನಮ್ಮ ಮುಖದ ಮೇಲೆ 50 ಆಗಿ ಉಳಿಯುವುದಿಲ್ಲ.

ತೋರುಬೆರಳು, ನಡುಬೆರಳು ಎರಡನ್ನೂ ಚಾಚಿ. ಬುಡದಿಂದ ತುದಿಯ ತನಕ ಎರಡೂ ಬೆರಳಿನ ಮೇಲೆ ಒಂದೊಂದು ಗೆರೆ ಹಾಕಿ. ಮುಖ, ಕುತ್ತಿಗೆಗೆ ಅಷ್ಟು ಬೇಕು. ಮೊದಲ ಸಲ ನೋಡಿದಾಗ "ಇಷ್ಟೊಂದಾ?" ಅನಿಸುತ್ತದೆ. ಹೌದು, ಇಷ್ಟು. ಒಂದೇ ಸಲ ಹಚ್ಚಲು ಕಷ್ಟವಾದರೆ ಮೊದಲು ಒಂದು ಬೆರಳಿನದ್ದು, ಎರಡು ನಿಮಿಷ ಬಿಟ್ಟು ಇನ್ನೊಂದು ಬೆರಳಿನದ್ದು.

ಲೆಕ್ಕ ಹಾಕಿ ನೋಡೋಣ. ಎರಡು ಬೆರಳಿನದ್ದು ಒಂದು ಗ್ರಾಂಗಿಂತ ತುಸು ಜಾಸ್ತಿ. 50 ಗ್ರಾಂ ಟ್ಯೂಬ್ ದಿನಕ್ಕೆ ಒಂದು ಸಲ ಹಚ್ಚಿದರೆ ಸುಮಾರು ಒಂದೂವರೆ ತಿಂಗಳು, ಎರಡು ಸಲ ಹಚ್ಚಿದರೆ ಮೂರು ವಾರಕ್ಕೆ ಸ್ವಲ್ಪ ಹೆಚ್ಚು ಕಡಿಮೆ. ನಿಮ್ಮ ಟ್ಯೂಬ್ ಆರು ತಿಂಗಳು ಬಾಳಿಕೆ ಬರುತ್ತಿದ್ದರೆ ಅಳತೆ ತಪ್ಪಿದೆ. ಹಾಗಾಗಿಯೇ ನನ್ನ ಸಲಹೆ, ತೀರಾ ದುಬಾರಿಯದ್ದನ್ನು ಕೊಳ್ಳಬೇಡಿ. ಬೆಲೆ ನೆನಪಾದರೆ ಕೈ ಹಿಡಿಯುತ್ತದೆ. ಕೈ ಬಿಟ್ಟು ಹಚ್ಚಬಹುದಾದ ಬೆಲೆಯದ್ದೇ ನಿಮಗೆ ಸರಿಯಾದದ್ದು.

ಬೆಳಿಗ್ಗೆ ಹಚ್ಚುವ ಕ್ರಮ

ಏಪ್ರಿಲ್ ತಿಂಗಳಲ್ಲಿ ಸ್ನಾನ ಮಾಡಿ ಹೊರಗೆ ಬರುವಷ್ಟರಲ್ಲೇ ಮತ್ತೆ ಬೆವರು ಶುರು. ಒದ್ದೆ ಮುಖಕ್ಕೆ ಹಚ್ಚಿದ ಸನ್‌ಸ್ಕ್ರೀನ್ ಜಾರುತ್ತದೆ, ಉಂಡೆ ಕಟ್ಟುತ್ತದೆ. ಅದಕ್ಕೆ ಸ್ನಾನವಾದ ಮೇಲೆ ಐದು ನಿಮಿಷ ಫ್ಯಾನಿನ ಕೆಳಗೆ ಕೂರಿ. ತಿಂಡಿ ಅಲ್ಲೇ ಕೂತು ತಿಂದರೂ ಆಯಿತು. ಮುಖ ಆರಿದ ಮೇಲೆ ಬೇಕಿದ್ದರೆ ಮಾಯಿಶ್ಚರೈಸರ್, ಆಮೇಲೆ ಸನ್‌ಸ್ಕ್ರೀನ್. ಹಣೆ, ಮೂಗು, ಕೆನ್ನೆ, ಗಲ್ಲ, ಕುತ್ತಿಗೆಗೆ ಬೊಟ್ಟು ಬೊಟ್ಟಾಗಿ ಇಟ್ಟು ಹರಡಿ. ಜೋರಾಗಿ ತಿಕ್ಕಬೇಡಿ, ತಿಕ್ಕಿದರೆ ಬೆರಳಿಗೇ ಅಂಟಿಕೊಂಡು ಬರುತ್ತದೆ.

ಬಿಟ್ಟುಹೋಗುವ ಜಾಗಗಳು: ಕಿವಿ, ಜಡೆ ಎತ್ತಿ ಕಟ್ಟಿದಾಗ ಕಾಣುವ ಹಿಂಗುತ್ತಿಗೆ, ಬ್ಲೌಸಿನ ಹಿಂದಿನ ಬೆನ್ನು, ಚಪ್ಪಲಿ ಪಟ್ಟಿಯ ನಡುವಿನ ಪಾದ. ಕಣ್ಣಿನ ಹತ್ತಿರ ಉರಿ ಬರುವವರು ಅಲ್ಲಿಗೆ ಮಾತ್ರ ಜಿಂಕ್ ಇರುವ ಸ್ಟಿಕ್ ಬಳಸಿ. ಅದು ಗಟ್ಟಿ, ಬೆವರಿನ ಜೊತೆ ಬೇಗ ಇಳಿಯುವುದಿಲ್ಲ.

ಹೊರಡುವ 15ರಿಂದ 20 ನಿಮಿಷ ಮೊದಲೇ ಹಚ್ಚಿ ಮುಗಿಸಿ. ಪೌಡರ್, ಮೇಕಪ್ ಏನಿದ್ದರೂ ಅದರ ಮೇಲೆ. ಮಳೆಗಾಲದ ಸಂಜೆ ಸೊಳ್ಳೆಗೆ ಕ್ರೀಮು ಹಚ್ಚುವವರು ಕೂಡ ಮೊದಲು ಸನ್‌ಸ್ಕ್ರೀನ್, ಅದು ಆರಿದ ಮೇಲೆ ಸೊಳ್ಳೆಯದ್ದು ಎಂಬ ಕ್ರಮ ಇಟ್ಟುಕೊಳ್ಳಿ.

ರಾತ್ರಿ ತೊಳೆಯುವುದೂ ಮುಖ್ಯ. ವಾಟರ್ ರೆಸಿಸ್ಟೆಂಟ್ ಬಗೆ ಬರೀ ನೀರಿಗೆ ಹೋಗುವುದಿಲ್ಲ. ಒಣ ಚರ್ಮದವರು ಎರಡು ಹನಿ ತೆಂಗಿನೆಣ್ಣೆ ಸವರಿ ಹತ್ತಿಯಿಂದ ಒರೆಸಿ ಆಮೇಲೆ ಫೇಸ್‌ವಾಶ್ ಹಾಕಬಹುದು. ಮೊಡವೆ ಇರುವವರಿಗೆ ತೆಂಗಿನೆಣ್ಣೆ ಆಗದು, ಅವರು ಫೇಸ್‌ವಾಶ್‌ನಲ್ಲೇ ಎರಡು ಸಲ ತೊಳೆಯಲಿ.

ಮಧ್ಯಾಹ್ನ ಮತ್ತೆ ಹಚ್ಚುವುದು

ಎರಡು ಗಂಟೆಗೊಮ್ಮೆ ಹಚ್ಚಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೊರಗೆ ಬಿಸಿಲಿನಲ್ಲಿ ಇರುವವರಿಗೆ ಅದು ನಿಜ. ಹಂಪನಕಟ್ಟೆಯಲ್ಲಿ ಟ್ರಾಫಿಕ್ ನೋಡುವವರು, ಮನೆಮನೆಗೆ ಪಾರ್ಸೆಲ್ ಕೊಡುವವರು, ಸೈಟಿನಲ್ಲಿ ನಿಲ್ಲುವ ಇಂಜಿನಿಯರುಗಳು ಎರಡು ಗಂಟೆಗೊಮ್ಮೆ ಹಚ್ಚಲೇಬೇಕು. ಕಿಟಕಿಯಿಂದ ದೂರ, ಕಚೇರಿಯೊಳಗೆ ಕೂತವರಿಗೆ ಇಷ್ಟು ಕಟ್ಟುನಿಟ್ಟು ಬೇಡ. ಬೆಳಿಗ್ಗೆ ಒಮ್ಮೆ, ಊಟಕ್ಕೆ ಹೊರಗೆ ಹೋಗುವ ಮೊದಲು ಅಥವಾ ಸಂಜೆ ಬಸ್ಸಿಗೆ ಹೊರಡುವ ಮೊದಲು ಒಮ್ಮೆ. ನಾಲ್ಕೂವರೆ ಬಸ್ಸಿನಲ್ಲಿ ಕಿಟಕಿ ಬದಿ ಕೂರುವವರು ಈ ಎರಡನೇದನ್ನು ಬಿಡಬೇಡಿ.

ಬೆವರಿದ ಮುಖಕ್ಕೆ ಮೇಲಿಂದ ಬಳಿಯಬಾರದು. ಒದ್ದೆ ಕರವಸ್ತ್ರದಿಂದಲೋ ಬೈರಾಸಿನಿಂದಲೋ ಒತ್ತಿ ಬೆವರು ತೆಗೆದು, ಆರಲು ಬಿಟ್ಟು ಹಚ್ಚಿ. ಮೇಕಪ್ ಇರುವವರಿಗೆ ಸ್ಟಿಕ್ ಅನುಕೂಲ, ಒಂದೊಂದು ಜಾಗಕ್ಕೆ ಮೂರು ನಾಲ್ಕು ಸಲ ಎಳೆಯಬೇಕು. ಪೌಡರ್ ಸನ್‌ಸ್ಕ್ರೀನ್ ಒಂದನ್ನೇ ನಂಬಬೇಡಿ, ಬೇಕಾದಷ್ಟು ಪೌಡರ್ ಮುಖದ ಮೇಲೆ ಯಾರೂ ಹಾಕುವುದಿಲ್ಲ.

ಮಳೆಗಾಲದಲ್ಲಿ ಬೇಕೇ? ಜುಲೈಯಲ್ಲಿ ಕಪ್ಪು ಮೋಡ ಕವಿದು ಒಂದೇ ಸಮನೆ ಮಳೆ ಹೊಡೆಯುವ ದಿನ ಹೆಚ್ಚಿನವರು ಬಿಟ್ಟರೂ ನಡೆಯುತ್ತದೆ. ಭಂಗು ಇರುವವರು ಆಗಲೂ ಹಚ್ಚಲಿ. ಆದರೆ ಮಳೆ ಬಿಟ್ಟು ತೆಳು ಮೋಡ ಇರುವ ಹೊತ್ತು ಮೋಸ ಮಾಡುತ್ತದೆ. ಯುವಿ ಕಿರಣದ ಬಹುಪಾಲು ತೆಳು ಮೋಡವನ್ನು ದಾಟಿ ಬರುತ್ತದೆ. ಆಗಸ್ಟಿನ ಮಂದ ಬಿಸಿಲು ಕೂಡ ಮಧ್ಯಾಹ್ನ ನೆತ್ತಿಯಿಂದಲೇ ಬೀಳುವುದು.

ಮಲ್ಪೆ, ಪಣಂಬೂರು, ಕಾಪು: ಕಡಲಿಗೆ ಹೋಗುವ ದಿನ

ಕಳೆದ ರಜೆಯಲ್ಲಿ ಅಕ್ಕನ ಮನೆಯವರ ಜೊತೆ ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆವು. ಏಳು ಜನ, ಒಂದು 50 ಗ್ರಾಂ ಟ್ಯೂಬ್. ಅಕ್ಕ "ಸಾಕು ಬಿಡು, ಮುಖಕ್ಕಷ್ಟೇ ಅಲ್ವಾ" ಅಂದಳು. ದೊಡ್ಡವರೊಬ್ಬರ ಮೈಗೆಲ್ಲ ಹಚ್ಚಲು ಒಂದು ಸಲಕ್ಕೆ ಸುಮಾರು 30 ಮಿಲಿ ಬೇಕು. ಟ್ಯೂಬ್ ಇಬ್ಬರಿಗೂ ಸಾಲದು. ಬೋಟಿನಲ್ಲಿ ಸಂಜೆ ವಾಪಸ್ ಬರುವಾಗ ಭಾವನ ಹಿಂಗುತ್ತಿಗೆ ಮುಟ್ಟಿದರೆ ಉರಿಯುವಷ್ಟು ಕೆಂಪಾಗಿತ್ತು. ಮಕ್ಕಳ ಭುಜದ ಮೇಲೆ ಬನಿಯನ್ ಪಟ್ಟಿಯ ಗುರುತು ಮೂರು ತಿಂಗಳು ಉಳಿಯಿತು.

ಅಲ್ಲಿ ಕಂಬದ ಹಾಗೆ ನಿಂತ ಕಪ್ಪು ಬಂಡೆಗಳ ನಡುವೆ ನೆರಳು ಕಡಿಮೆ. ಮೇಲಿನ ಬಿಸಿಲು ಸಾಲದು ಎಂಬಂತೆ ಒಣ ಮರಳು ನೂರಕ್ಕೆ ಸುಮಾರು 15 ಪಾಲು, ಕಡಲ ನೊರೆ ಸುಮಾರು 25 ಪಾಲು ಯುವಿಯನ್ನು ತಿರುಗಿಸಿ ಎಸೆಯುತ್ತವೆ. ಕೊಡೆಯ ಕೆಳಗೆ ಕೂತರೂ ಗಲ್ಲದ ಕೆಳಗೆ, ಮೂಗಿನ ಕೆಳಗೆ ಕಪ್ಪಾಗುವುದು ಹಾಗೆ.

ಆದ್ದರಿಂದ ಕಡಲಿಗೆ ಹೋಗುವ ದಿನ ಬಟ್ಟೆಯೇ ಮೊದಲು, ಸನ್‌ಸ್ಕ್ರೀನ್ ಆಮೇಲೆ. ತುಂಬುತೋಳಿನ ಅಂಗಿ ಹಾಕಿ, ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ ಸನ್‌ಸ್ಕ್ರೀನ್ ಹಚ್ಚಿದರೆ ಟ್ಯೂಬೂ ಉಳಿಯುತ್ತದೆ. ಅಂಚು ಅಗಲ ಇರುವ ಟೋಪಿ ಇರಲಿ, ಕ್ರಿಕೆಟ್ ಟೋಪಿ ಕಿವಿ ಮುಚ್ಚುವುದಿಲ್ಲ. ಒದ್ದೆಯಾದ ತೆಳು ಬಿಳಿ ಬನಿಯನ್‌ನಿಂದ ರಕ್ಷಣೆ ತೀರಾ ಕಡಿಮೆ, ಗಾಢ ಬಣ್ಣದ ದಟ್ಟ ನೇಯ್ಗೆಯ ಬಟ್ಟೆ ಮೇಲು. ಸಸಿಹಿತ್ಲುವಿನಲ್ಲಿ ಸರ್ಫಿಂಗ್ ಮಾಡುವವರು ಮೈಗಂಟಿದ ತುಂಬುತೋಳಿನ ಅಂಗಿ ಹಾಕಿ ಮೂಗಿನ ಮೇಲೆ ದಪ್ಪಗೆ ಜಿಂಕ್ ಬಳಿಯುವುದು ಇದನ್ನೆಲ್ಲ ತಿಳಿದೇ. ನಮ್ಮ ತೋಟದ ಹಿರಿಯರ ಮುಟ್ಟಾಳೆ (ಅಡಿಕೆ ಹಾಳೆಯ ಟೋಪಿ), ಬಂದರಿನಲ್ಲಿ ಸೀರೆಯ ಮೇಲೆ ತುಂಬುತೋಳಿನ ಶರ್ಟು ಹಾಕಿ ತಲೆಗೆ ಬಟ್ಟೆ ಕಟ್ಟಿ ದುಡಿಯುವ ಹೆಂಗಸರು, ಇವರೆಲ್ಲ ಯಾವ ಟ್ಯೂಬೂ ಇಲ್ಲದೆ ಮಾಡಿಕೊಂಡ ರಕ್ಷಣೆ ನಿಜಕ್ಕೂ ಗಟ್ಟಿಯಾದದ್ದು. ದಿನವಿಡೀ ಹೊರಗೆ ದುಡಿಯುವವರಿಗೆ ನಾನು ಇವತ್ತಿಗೂ ಹೇಳುವುದು ಅದನ್ನೇ: ಬಟ್ಟೆ, ಟೋಪಿ, ನೆರಳು. ದುಡ್ಡು ಉಳಿದರೆ ಮುಖಕ್ಕೆ ಸನ್‌ಸ್ಕ್ರೀನ್.

ನೀರಿನಿಂದ ಎದ್ದು ಮೈ ಒರೆಸಿದ ಕೂಡಲೇ ಮತ್ತೆ ಹಚ್ಚಿ, ಟವಲಿನಲ್ಲಿ ಅರ್ಧ ಹೋಗಿರುತ್ತದೆ. ಸಾಧ್ಯವಿದ್ದರೆ ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಕಡಲಿಗೆ ಇಳಿಯಿರಿ.

ಮಕ್ಕಳಿಗೆ

ಆರು ತಿಂಗಳ ಒಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ. ನೆರಳು, ತೆಳು ಬಟ್ಟೆ, ಟೋಪಿ ಸಾಕು. ಅದಕ್ಕಿಂತ ದೊಡ್ಡ ಮಕ್ಕಳಿಗೆ ಜಿಂಕ್ ಆಕ್ಸೈಡ್ ಇರುವ, ಪರಿಮಳ ಇಲ್ಲದ್ದು. ಸ್ಪ್ರೇ ಬಗೆಯನ್ನು ಮುಖಕ್ಕೆ ಹೊಡೆಯಬಾರದು, ಉಸಿರಿನಲ್ಲಿ ಹೋಗುತ್ತದೆ. ದೊಡ್ಡವರು ಕೂಡ ಸ್ಪ್ರೇ ಹೊಡೆದು ಹಾಗೇ ಬಿಡದೆ ಕೈಯಿಂದ ಹರಡಬೇಕು. ಬೇಸಿಗೆ ರಜೆಯಲ್ಲಿ ಗದ್ದೆಯಲ್ಲಿ ದಿನವಿಡೀ ಕ್ರಿಕೆಟ್ ಆಡುವ ಮಕ್ಕಳನ್ನು ಹನ್ನೊಂದರಿಂದ ಮೂರರ ತನಕ ಮನೆಯೊಳಗೆ ಕರೆಯುವುದು ಯಾವ ಕ್ರೀಮಿಗಿಂತಲೂ ಒಳ್ಳೆಯದು.

ಇವು ಬೇಡ

ತೆಂಗಿನೆಣ್ಣೆ ಹಚ್ಚಿ ಬಿಸಿಲಿಗೆ ಹೋಗುವುದು ಬೇಡ. ಚರ್ಮ ಮೆತ್ತಗಾಗಲು ಅದು ಒಳ್ಳೆಯದು, ಬಿಸಿಲು ತಡೆಯುವ ಶಕ್ತಿ ತೀರಾ ಕಡಿಮೆ.

ಲಿಂಬೆ ರಸವನ್ನಂತೂ ಮುಖಕ್ಕೆ ಹಚ್ಚಲೇಬೇಡಿ. ಲಿಂಬೆಯ ರಸ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಅಲ್ಲಿ ಸುಟ್ಟ ಹಾಗೆ ಆಗಿ, ಬೊಬ್ಬೆ ಎದ್ದು, ಆಮೇಲೆ ಕಡು ಕಪ್ಪು ಕಲೆ ಉಳಿಯುತ್ತದೆ. ಶರಬತ್ತಿಗೆ ಲಿಂಬೆ ಹಿಂಡಿದ ಮೇಲೆ ಕೈ ಸರಿಯಾಗಿ ತೊಳೆದುಕೊಂಡೇ ಹೊರಗೆ ಹೋಗಿ.

ಭಂಗು ಹೋಗಲಿ ಎಂದು ಯಾರೋ ಹೇಳಿದ ಕ್ರೀಮನ್ನು ಚೀಟಿ ಇಲ್ಲದೆ ತಂದು ಹಚ್ಚಬೇಡಿ. ಅಂಥ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ಎರಡು ವಾರ ಮುಖ ಫಳಫಳ ಅನ್ನುತ್ತದೆ. ತಿಂಗಳು ಕಳೆದ ಮೇಲೆ ಚರ್ಮ ತೆಳುವಾಗಿ, ಕೆಂಪು ನರ ಕಂಡು, ಬಿಸಿಲಿಗೆ ಹೋದರೆ ಉರಿ ತಾಳಲಾಗದು. ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದ ಗೆಳತಿ ಒಬ್ಬಳು ಹೀಗೆ ಒಂದು ವರ್ಷ ಹಚ್ಚಿ, ಬಿಡಲು ಹೋದಾಗ ಮುಖವಿಡೀ ಗುಳ್ಳೆ ಎದ್ದು ತುಂಬ ನೋವು ತಿಂದಳು. ಭಂಗಿಗೆ ಔಷಧ ಇದೆ, ಅದನ್ನು ಚರ್ಮದ ಡಾಕ್ಟರೇ ಕೊಡಬೇಕು. ಸನ್‌ಸ್ಕ್ರೀನ್ ಇಲ್ಲದೆ ಆ ಔಷಧವೂ ಕೆಲಸ ಮಾಡುವುದಿಲ್ಲ.

ಬಿಸಿಲಿಗೆ ಮೈ ಕೆಂಪಾದರೆ ತಣ್ಣೀರಿನ ಬಟ್ಟೆ ಇಡಿ, ಪರಿಮಳ ಇಲ್ಲದ ಮಾಯಿಶ್ಚರೈಸರ್ ಹಚ್ಚಿ, ನೀರು ಅಥವಾ ಬೊಂಡ (ಎಳನೀರು) ಚೆನ್ನಾಗಿ ಕುಡಿಯಿರಿ. ಬೊಬ್ಬೆ ಎದ್ದರೆ ಒಡೆಯಬೇಡಿ, ಡಾಕ್ಟರಿಗೆ ತೋರಿಸಿ. ಮಚ್ಚೆಯ ಗಾತ್ರ, ಬಣ್ಣ ಬದಲಾಗುತ್ತಿದ್ದರೆ, ವಾರಗಟ್ಟಲೆ ವಾಸಿಯಾಗದ ಹುಣ್ಣಿದ್ದರೆ ಅದನ್ನೂ ತೋರಿಸಲೇಬೇಕು.

ಟ್ಯೂಬ್ ಇಡುವುದು ಎಲ್ಲಿ

ಸ್ಕೂಟರಿನ ಡಿಕ್ಕಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬೇಡ. ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗಿನ ಶಾಖಕ್ಕೆ ಸನ್‌ಸ್ಕ್ರೀನ್ ಒಡೆದು ನೀರು ಬೇರೆ ಕ್ರೀಮು ಬೇರೆ ಆಗುತ್ತದೆ. ಹಾಗೆ ಆದದ್ದನ್ನು ಕುಲುಕಿ ಬಳಸಬೇಡಿ, ಎಸೆಯಿರಿ. ಮನೆಯಲ್ಲಿ ನೆರಳಿರುವ ಕಪಾಟು, ಹೊರಗೆ ಹೋಗುವಾಗ ಬ್ಯಾಗಿನ ಒಳಜೇಬು ಸರಿಯಾದ ಜಾಗ. ಕೊಳ್ಳುವಾಗ ಅವಧಿ ಮುಗಿಯುವ ತಾರೀಕು ನೋಡಿ. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 12 ಅಥವಾ 6 ಎಂದಿದ್ದರೆ, ತೆರೆದ ಮೇಲೆ ಅಷ್ಟು ತಿಂಗಳೊಳಗೆ ಮುಗಿಸಬೇಕು.

ನಾನು ಟ್ಯೂಬ್ ತೆರೆದ ದಿನವೇ ಅದರ ಬೆನ್ನಿನ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆದುಬಿಡುತ್ತೇನೆ. ಈಗ ಬ್ಯಾಗಿನಲ್ಲಿರುವುದರ ಮೇಲೆ ಮಾರ್ಚ್ 3 ಎಂದಿದೆ. ದಿನಕ್ಕೆ ಎರಡು ಸಲದ ಲೆಕ್ಕದಲ್ಲಿ ಮಾರ್ಚ್ ಕೊನೆಗೆ ಅದು ಖಾಲಿ ಆಗಬೇಕು.